ಒಂದೇ ಹಾಡು, ಹಲವು ರಾತ್ರಿಗಳು: ರಾಕ್ ಲೈವ್ ಧ್ವನಿಮುದ್ರಣಗಳನ್ನು ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಚಿಕ್ಕಪ್ಪನವರು ಎಂಬತ್ತರ ದಶಕದಿಂದ ಪಾಶ್ಚಾತ್ಯ ರಾಕ್ ತಂಡಗಳ ಲೈವ್ ಧ್ವನಿಮುದ್ರಣಗಳನ್ನು ಕೂಡಿಡುತ್ತ ಬಂದಿದ್ದಾರೆ. ಒಂದೇ ಹಾಡು ಬೇರೆ ಬೇರೆ ಊರಿನದು, ಬೇರೆ ಬೇರೆ ವರ್ಷದ್ದು ಎಂದು ಹತ್ತಾರು ಇವೆ. ಕೆಲವದರಲ್ಲಿ ಹಾಡಿಗಿಂತ ಶಿಳ್ಳೆಯೇ ಜೋರು. ಸ್ಟುಡಿಯೋದಲ್ಲಿ ಸ್ವಚ್ಛವಾಗಿ ಮುದ್ರಿಸಿದ ಆಲ್ಬಮ್ ಇರುವಾಗ ಇವನ್ನೇಕೆ ಕೇಳಬೇಕು? ಲೈವ್ ಎಂದು ಮಾರುವ ಆಲ್ಬಮ್‌ಗಳು ನಿಜಕ್ಕೂ ಲೈವ್ ಹೌದೇ? ಶ್ರೋತೃಗಳು ತಾವೇ ಮುದ್ರಿಸಿಕೊಂಡ ಟೇಪುಗಳನ್ನು ಇಟ್ಟುಕೊಳ್ಳುವುದು ಸರಿಯೇ? ಹೊಸಬರು ಎಲ್ಲಿಂದ ಆರಂಭಿಸಬೇಕು? ಚಿಕ್ಕಪ್ಪನವರು ಈಗ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ನನಗೇ ಒಪ್ಪಿಸುತ್ತೇನೆ ಎನ್ನುತ್ತಿದ್ದಾರೆ. ಅವುಗಳನ್ನು ಉಳಿಸಿಕೊಳ್ಳುವ ಬಗೆ ಹೇಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವೆಲ್ಲ ಅದನ್ನೇ ಅವಲಂಬಿಸಿವೆ. ಸ್ಟುಡಿಯೋ ಆಲ್ಬಮ್‌ನಲ್ಲಿ ನಾವು ಕೇಳುವುದು ವಾದಕರು ತೀರ್ಮಾನಿಸಿ ಮುಗಿಸಿದ ಹಾಡನ್ನು. ಒಳ್ಳೆಯ ಲೈವ್ ಧ್ವನಿಮುದ್ರಣದಲ್ಲಿ ಕೇಳುವುದು ಅವರು ತೀರ್ಮಾನಿಸುತ್ತಿರುವುದನ್ನು. ಗಿಟಾರ್ ವಾದಕ ಗೊತ್ತುಮಾಡಿಕೊಂಡಿದ್ದಕ್ಕಿಂತ ಒಂದು ಸುತ್ತು ಹೆಚ್ಚು ನುಡಿಸಲು ಹೊರಟಾಗ ಡ್ರಮ್ಸ್ ನುಡಿಸುವವನು ಅದನ್ನು ಹಿಡಿದು ಜೊತೆಗೆ ಬರುತ್ತಾನೋ, ಹಾಡುಗಾರ ಮುಂದಿನ ಚರಣವನ್ನು ತಡೆಹಿಡಿಯುತ್ತಾನೋ ಎಂಬುದು ಆ ಗಳಿಗೆಯಲ್ಲಿ ವೇದಿಕೆಯ ಮೇಲಿದ್ದವರಿಗೂ ಗೊತ್ತಿರುವುದಿಲ್ಲ. ಈ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಮಲ್ಲಿಕಾರ್ಜುನ ಮನ್ಸೂರರು ಒಂದೇ ರಾಗವನ್ನು ಎರಡು ಬೈಠಕ್‌ಗಳಲ್ಲಿ ಹಾಡಿದ ಟೇಪುಗಳನ್ನು ಜೋಪಾನ ಮಾಡಿದವರನ್ನು ಧಾರವಾಡದಲ್ಲಿ ಯಾರೂ ಒಂದು ಸಾಲದೇ ಎಂದು ಕೇಳಲಾರರು. ಆದರೆ ರಾಕ್ ಸಂಗೀತದಲ್ಲಿ ಒಂದು ವಿಶೇಷ ಅನುಕೂಲವಿದೆ. ಅಲ್ಲಿನ ಹಾಡು ಮೊದಲು ಜನರನ್ನು ತಲುಪುವುದೇ ನಾಲ್ಕೈದು ನಿಮಿಷಗಳ, ಎಲ್ಲವೂ ನಿಗದಿಯಾದ ರೆಕಾರ್ಡಾಗಿ. ಕೇಳುಗರಿಗೆ ಅದರ ಒಂದೊಂದು ಡ್ರಮ್ ಪೆಟ್ಟೂ ಬಾಯಿಪಾಠವಾಗಿರುತ್ತದೆ. ಹಾಗಾಗಿ ವೇದಿಕೆಯ ಮೇಲೆ ಅದು ಎಲ್ಲಿ ದಾರಿ ಬಿಟ್ಟು ಹೊರಳಿತು ಎಂಬುದು ಸಂಗೀತಶಾಸ್ತ್ರದ ಗಂಧವಿಲ್ಲದವರಿಗೂ ತಕ್ಷಣ ತಿಳಿಯುತ್ತದೆ. ಅಂದರೆ ಸ್ಟುಡಿಯೋ ಆಲ್ಬಮ್ಮನ್ನು ಚೆನ್ನಾಗಿ ಕೇಳಿದವರಿಗೆ ಮಾತ್ರ ಲೈವ್ ಧ್ವನಿಮುದ್ರಣ ಪೂರ್ತಿ ಒದಗುತ್ತದೆ. ಒಂದಕ್ಕೆ ಬದಲಾಗಿ ಇನ್ನೊಂದನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲಿಲ್ಲ.

ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್' ಆಲ್ಬಮ್ಮನ್ನು ನೋಡೋಣ. ಈ ತಂಡ 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್‌ನಲ್ಲಿಯೂ 17ರಂದು ಟೋಕಿಯೊದ ಬುಡೋಕಾನ್‌ನಲ್ಲಿಯೂ ನುಡಿಸಿತು. ಲೈವ್ ಆಲ್ಬಮ್ ಬೇಕೆಂದು ಹಟ ಹಿಡಿದದ್ದು ಜಪಾನಿನ ರೆಕಾರ್ಡ್ ಕಂಪನಿ. ತಂಡದವರಿಗೆ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ, ಆದ್ದರಿಂದ ತಮ್ಮ ನಂಬಿಕೆಯ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರೇ ಮುದ್ರಿಸಬೇಕು, ತಾವು ಒಪ್ಪಿದರೆ ಮಾತ್ರ ಹೊರಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಎಂಟು ಟ್ರ್ಯಾಕಿನ, ಅಂದರೆ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಯಂತ್ರದಲ್ಲಿ, ಹೆಚ್ಚು ಖರ್ಚಿಲ್ಲದೆ ಮುದ್ರಣವಾಯಿತು. ಆ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಶ್ರಣದ ಕೆಲಸಕ್ಕೆ ತಂಡದ ಐವರಲ್ಲಿ ಬಂದವರು ಬಾಸ್ ವಾದಕ ರೋಜರ್ ಗ್ಲೋವರ್ ಮತ್ತು ಡ್ರಮ್ಸ್ ವಾದಕ ಇಯಾನ್ ಪೇಯ್ಸ್ ಇಬ್ಬರೇ. ಹೀಗೆ ಅರೆಮನಸ್ಸಿನಿಂದ ಆದ ಕೆಲಸ ಅರ್ಧ ಶತಮಾನದ ಮೇಲೂ ರಾಕ್‌ನ ಶ್ರೇಷ್ಠ ಲೈವ್ ಆಲ್ಬಮ್‌ಗಳ ಸಾಲಿನಲ್ಲಿ ನಿಂತಿದೆ.

ಅದರಲ್ಲಿ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಹಾಡನ್ನು ಗಮನಿಸಿ. 1971ರಲ್ಲಿ ಸಿಂಗಲ್, ಅಂದರೆ ಬಿಡಿ ಹಾಡಿನ ಚಿಕ್ಕ ರೆಕಾರ್ಡ್ ಆಗಿ ಬಂದಾಗ ಅದು ಸುಮಾರು ನಾಲ್ಕು ನಿಮಿಷದ್ದು. ಒಸಾಕಾದಲ್ಲಿ ಒಂಬತ್ತು ನಿಮಿಷ ದಾಟುತ್ತದೆ. ಹೆಚ್ಚಾದ ಆ ಐದು ನಿಮಿಷಗಳ ಬಹುಭಾಗ ಗಿಟಾರ್ ಮತ್ತು ಕಂಠದ ಸವಾಲ್-ಜವಾಬ್. ರಿಚೀ ಬ್ಲ್ಯಾಕ್‌ಮೋರ್ ಒಂದು ತುಣುಕು ನುಡಿಸುತ್ತಾರೆ, ಇಯಾನ್ ಗಿಲನ್ ಅದನ್ನು ಗಂಟಲಿನಲ್ಲಿ ಹಾಗೆಯೇ ಹಿಂದಿರುಗಿಸುತ್ತಾರೆ. ತುಣುಕುಗಳು ಕಠಿಣವಾಗುತ್ತ, ಸ್ಥಾಯಿ ಮೇಲೇರುತ್ತ ಹೋಗಿ, ಕೊನೆಗೆ ಗಿಟಾರು ಯಾವುದು ಗಂಟಲು ಯಾವುದು ಎಂದು ಅನುಮಾನ ಬರುವಂಥ ಚೀತ್ಕಾರದಲ್ಲಿ ಮುಗಿಯುತ್ತದೆ. ಇದನ್ನು ಸ್ಟುಡಿಯೋದಲ್ಲಿ ಮಾಡಲು ಅಡ್ಡಿಯೇನೂ ಇರಲಿಲ್ಲ, ಆದರೆ ಅಲ್ಲಿ ತಪ್ಪಿದರೆ ಮತ್ತೆ ಮುದ್ರಿಸಬಹುದು. ತಪ್ಪಿದರೆ ಸಾವಿರಾರು ಜನರೆದುರು ತಪ್ಪುತ್ತೇವೆ ಎಂಬ ಬಿಗಿ ಇರುವುದರಿಂದಲೇ ಈ ಆಟಕ್ಕೆ ರುಚಿ ಬಂದಿದೆ.

ಇದೇ ಆಲ್ಬಮ್‌ನ ಇನ್ನೊಂದು ಸಂಗತಿ ನಿಮ್ಮ ಚಿಕ್ಕಪ್ಪನವರ ಹತ್ತಾರು ಟೇಪುಗಳನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ಮೂರು ರಾತ್ರಿಯೂ ಬಹುಪಾಲು ಅವವೇ ಹಾಡುಗಳು. ಆಲ್ಬಮ್ಮಿಗೆ ಹೆಚ್ಚಿನವನ್ನು 16ರ ರಾತ್ರಿಯಿಂದ ಆರಿಸಿದರು. 'ಲೇಜಿ' ಮತ್ತು 'ದ ಮ್ಯೂಲ್' ಟೋಕಿಯೊದಿಂದ ಬಂದವು. ಎಲ್ಲರಿಗೂ ಗೊತ್ತಿರುವ 'ಸ್ಮೋಕ್ ಆನ್ ದ ವಾಟರ್' ಮಾತ್ರ ಮೊದಲ ರಾತ್ರಿಯದು. ಎಂದರೆ ಅಂಗಡಿಯಲ್ಲಿ ಒಂದು ಕಾರ್ಯಕ್ರಮವೆಂಬಂತೆ ಸಿಕ್ಕುವ ಆ ಆಲ್ಬಮ್ ಮೂರು ರಾತ್ರಿಗಳಿಂದ ಹೆಕ್ಕಿ ಹೊಂದಿಸಿದ್ದು. ಆ ಕಾರ್ಯಕ್ರಮಗಳ ಬಹುಭಾಗ 1993ರಲ್ಲಿ ಮೂರು ಸಿ.ಡಿ.ಗಳಾಗಿ ಪ್ರಕಟವಾದ ಮೇಲೆ, ಬಿಟ್ಟುಹೋಗಿದ್ದ ಆವೃತ್ತಿಗಳನ್ನೂ ಕೇಳಿ ಆಯ್ಕೆ ಸರಿಯಾಗಿತ್ತೇ ಎಂದು ಜಗಳವಾಡುವ ಅವಕಾಶ ಅಭಿಮಾನಿಗಳಿಗೆ ಸಿಕ್ಕಿತು. ಆ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಆಲ್ಬಮ್‌ನ ಆಯ್ಕೆಯೇ ಸರಿ, ಆದರೆ ಅದು ಸರಿಯೆಂದು ಗೊತ್ತಾಗಲು ಉಳಿದೆರಡು ರಾತ್ರಿಗಳನ್ನು ಕೇಳಲೇಬೇಕಾಯಿತು.

ಹಾಡು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಲ್‌ಮನ್ ಬ್ರದರ್ಸ್ ತಂಡಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ 1971ರ ಮಾರ್ಚ್ ಎರಡನೇ ವಾರದಲ್ಲಿ ನಡೆದ ಅವರ ಕಾರ್ಯಕ್ರಮಗಳನ್ನು ಟಾಮ್ ಡೌಡ್ ಮುದ್ರಿಸಿದರು. ಮೊದಲ ದಿನ ತಂಡದವರು ಸ್ಯಾಕ್ಸೊಫೋನ್ ವಾದಕರನ್ನೂ ವೇದಿಕೆಗೆ ಕರೆತಂದಿದ್ದರು. ಹೊರಗೆ ಮುದ್ರಣದ ವಾಹನದಲ್ಲಿ ಕುಳಿತಿದ್ದ ಡೌಡ್‌ಗೆ ಇದು ಎಳ್ಳಷ್ಟೂ ಸರಿಬರಲಿಲ್ಲ. ಸ್ಯಾಕ್ಸೊಫೋನು ಶ್ರುತಿಗೆ ಕೂಡುತ್ತಿಲ್ಲ, ಈ ಟೇಪು ಕೆಲಸಕ್ಕೆ ಬಾರದು ಎಂದು ಅವರು ಗಿಟಾರ್ ವಾದಕ ಡ್ವೇನ್ ಆಲ್‌ಮನ್‌ಗೆ ನೇರವಾಗಿಯೇ ಹೇಳಿದರು. ಪ್ರತಿ ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಅಟ್ಲಾಂಟಿಕ್ ಸ್ಟುಡಿಯೋಗೆ ಹೋಗಿ ಆ ದಿನದ ಟೇಪು ಕೇಳಿ, ಯಾವ ಹಾಡು ಕೈಗೆ ಬಂದಿದೆ, ಯಾವುದನ್ನು ನಾಳೆ ಮತ್ತೆ ನುಡಿಸಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಲೈವ್ ಎಂದರೆ ಯಂತ್ರ ಚಾಲೂ ಮಾಡಿ ಬಿಟ್ಟರಾಯಿತು ಎಂದು ಭಾವಿಸುವವರು ಇದನ್ನು ಗಮನಿಸಬೇಕು.

ಆ ಟೇಪುಗಳಿಂದ ಹೊರಬಂದ 'ಅಟ್ ಫಿಲ್ಮೋರ್ ಈಸ್ಟ್' ಆಲ್ಬಮ್‌ನ ಕೊನೆಯ ಮಗ್ಗುಲನ್ನು 'ವಿಪ್ಪಿಂಗ್ ಪೋಸ್ಟ್' ಎಂಬ ಒಂದೇ ಹಾಡು ಪೂರ್ತಿ ತುಂಬಿದೆ. ತಂಡದ ಮೊದಲ ಸ್ಟುಡಿಯೋ ಆಲ್ಬಮ್‌ನಲ್ಲಿ ಐದು ನಿಮಿಷ ಚಿಲ್ಲರೆ ಇದ್ದದ್ದು ಇಲ್ಲಿ ಇಪ್ಪತ್ತಮೂರು ನಿಮಿಷ. ಬೆರಿ ಓಕ್ಲಿಯವರ ಬಾಸ್ ಗಿಟಾರಿನಿಂದ ಆರಂಭವಾಗುವ ಪೀಠಿಕೆ ಹನ್ನೊಂದು ಮಾತ್ರೆಗಳ ಎಣಿಕೆಯದು. ತಾಳ ಹಾಕುವ ಅಭ್ಯಾಸವಿರುವ ನಮ್ಮ ಕೇಳುಗರು ಕೈಬೆರಳಲ್ಲಿ ಎಣಿಸಿ ನೋಡಿದರೆ ಮೂರು-ಮೂರು-ಮೂರು-ಎರಡು ಎಂದು ಕೂಡುವುದು ಸ್ಪಷ್ಟವಾಗುತ್ತದೆ. ಹಾಡು ನಡುವಿಗೆ ಬಂದಾಗ ಲಯ ಸಡಿಲವಾಗಿ, ಇಡೀ ತಂಡ ಬಹುತೇಕ ಪಿಸುಮಾತಿನ ಮಟ್ಟಕ್ಕೆ ಇಳಿಯುತ್ತದೆ. ಸ್ಟುಡಿಯೋ ಆವೃತ್ತಿಯಲ್ಲಿ ಇಂಥ ಜಾಗವೇ ಇಲ್ಲ. ಹಾಡು ಮುಗಿದ ಮೇಲೂ ಟೇಪು ಓಡುತ್ತಿರುತ್ತದೆ: ಚಪ್ಪಾಳೆಯ ನಡುವೆ ಡ್ರಮ್ಮುಗಳು ನಿಲ್ಲದೆ ಮುಂದಿನ ಹಾಡನ್ನು ಎತ್ತಿಕೊಳ್ಳುತ್ತಿರುವಾಗಲೇ ಶಬ್ದ ಕ್ಷೀಣಿಸಿ ಆಲ್ಬಮ್ ಮುಗಿದುಹೋಗುತ್ತದೆ. ಆ ಮುಂದಿನ ಹಾಡು 'ಮೌಂಟನ್ ಜ್ಯಾಮ್'. ಅದು ಕೇಳುಗರ ಕೈಗೆ ಬಂದದ್ದು 1972ರಲ್ಲಿ, ಬೇರೊಂದು ಆಲ್ಬಮ್‌ನಲ್ಲಿ, ಎಲ್.ಪಿ.ಯ ಎರಡು ಮಗ್ಗುಲುಗಳನ್ನು ಹಂಚಿಕೊಂಡು. ಅಷ್ಟು ಹೊತ್ತಿಗೆ ಡ್ವೇನ್ ತೀರಿಕೊಂಡಿದ್ದರು. 1971ರ ಅಕ್ಟೋಬರ್ 29ರಂದು ಮೋಟಾರ್‌ಸೈಕಲ್ ಅಪಘಾತದಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ. ಫಿಲ್ಮೋರ್ ಈಸ್ಟ್ ಕೂಡ ಆ ಜೂನ್‌ನಲ್ಲೇ ಮುಚ್ಚಿತ್ತು.

ಇವು ಕಂಪನಿಗಳು ಮುದ್ರಿಸಿದ ಕಥೆ. ನಿಮ್ಮ ಚಿಕ್ಕಪ್ಪನವರ ಪೆಟ್ಟಿಗೆಯಲ್ಲಿರುವುದು ಬಹುಶಃ ಹೆಚ್ಚಾಗಿ ಇನ್ನೊಂದು ಬಗೆಯದು, ಅದರ ಮೂಲಪುರುಷರೆಂದರೆ ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡ ಮತ್ತು ಅದರ ಅಭಿಮಾನಿಗಳು. 1965ರಿಂದ 1995ರವರೆಗೆ ಈ ತಂಡ ಎರಡು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ನೀಡಿತು, ಅವುಗಳಲ್ಲಿ ಬಹುಪಾಲು ಯಾವುದೋ ಒಂದು ರೂಪದಲ್ಲಿ ಟೇಪಿನ ಮೇಲೆ ಉಳಿದಿವೆ. ಇಂದು ಯಾವ ಹಾಡು ನುಡಿಸುತ್ತೇವೆಂದು ಅವರು ಮೊದಲೇ ಪಟ್ಟಿ ಮಾಡುತ್ತಿರಲಿಲ್ಲವಾದ್ದರಿಂದ ಪ್ರತಿ ರಾತ್ರಿಯೂ ಬೇರೆಯಾಗಿರುತ್ತಿತ್ತು. 'ಡಾರ್ಕ್ ಸ್ಟಾರ್' ಎಂಬ ಅವರ ಹಾಡು 1968ರ ಸಿಂಗಲ್‌ನಲ್ಲಿ ಮೂರು ನಿಮಿಷವೂ ಇಲ್ಲ. 1969ರ 'ಲೈವ್/ಡೆಡ್' ಆಲ್ಬಮ್‌ನಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷ. ಇಂಥ ತಂಡವನ್ನು ಸ್ಟುಡಿಯೋ ಆಲ್ಬಮ್‌ಗಳಿಂದ ಅಳೆಯುವುದೆಂದರೆ ಯಕ್ಷಗಾನವನ್ನು ಪ್ರಸಂಗದ ಪುಸ್ತಕ ಓದಿ ಅಳೆದಂತೆ.

ಕಾರ್ಯಕ್ರಮಕ್ಕೆ ಬಂದವರು ಕ್ಯಾಸೆಟ್ ಯಂತ್ರ, ಮೈಕುಗಳನ್ನು ತಂದು ಮುದ್ರಿಸಿಕೊಳ್ಳುವುದನ್ನು ತಂಡ ಬಹುಕಾಲ ಕಂಡೂ ಕಾಣದಂತಿತ್ತು. ಮೈಕು ಹಿಡಿದ ಕಂಬಗಳು ಧ್ವನಿ ನಿಯಂತ್ರಕರ ಕಣ್ಣಿಗೇ ಅಡ್ಡ ಬರತೊಡಗಿದಾಗ, 1984ರ ಅಕ್ಟೋಬರ್‌ನಲ್ಲಿ ನಿಷೇಧಿಸುವ ಬದಲು, ವೇದಿಕೆಯ ಧ್ವನಿಗಳನ್ನೆಲ್ಲ ಬೆರೆಸುವ ಮಿಕ್ಸರ್ ಮೇಜಿನ ಹಿಂದೆ ಮುದ್ರಿಸುವವರಿಗಾಗಿಯೇ ಜಾಗ ಗೊತ್ತುಮಾಡಿ, ಪ್ರತ್ಯೇಕ ಟಿಕೆಟ್ ಕೊಡಲಾರಂಭಿಸಿದರು. ಮಾರಬಾರದು, ವಿನಿಮಯ ಮಾಡಿಕೊಳ್ಳಬಹುದು ಎಂಬುದೊಂದೇ ಮುಖ್ಯ ಕಟ್ಟಳೆ. ಅಭಿಮಾನಿಗಳು ಖಾಲಿ ಕ್ಯಾಸೆಟ್ಟನ್ನೂ ಮರುಅಂಚೆಯ ಖರ್ಚನ್ನೂ ಕಳಿಸಿ, ಗುರುತು ಪರಿಚಯವಿಲ್ಲದವರಿಂದ ಪ್ರತಿ ಮಾಡಿಸಿಕೊಳ್ಳುವ ಪದ್ಧತಿ ಹೀಗೆ ಬೇರೂರಿತು. ವ್ಯಾಪಾರದ ದೃಷ್ಟಿಯಿಂದ ಇದು ಹುಚ್ಚುತನವೆಂದು ಅಂದು ಅನೇಕರಿಗೆ ತೋರಿತ್ತು. ಆದರೆ ಟೇಪು ಕೇಳಿದವರು ಟಿಕೆಟ್ ಕೊಂಡು ಬಂದರು, ತಂಡ ದೊಡ್ಡ ಕ್ರೀಡಾಂಗಣಗಳನ್ನೇ ತುಂಬಿಸಿತು.

ಈ ತಂಡದ ಟೇಪುಗಳಲ್ಲೆಲ್ಲ ಹೆಸರಾದದ್ದು 1977ರ ಮೇ 8ರದು, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನದು. ಮುದ್ರಿಸಿದವರು ತಂಡದ ಎಂಜಿನಿಯರ್ ಬೆಟ್ಟಿ ಕ್ಯಾಂಟರ್. ಸಭಾಂಗಣಕ್ಕೆ ಹೋಗುವ ಮಿಶ್ರಣವನ್ನೇ ಟೇಪಿಗೆ ಇಳಿಸದೆ, ಟೇಪಿಗಾಗಿ ಬೇರೆಯೇ ಸ್ಟೀರಿಯೋ ಮಿಶ್ರಣ ಮಾಡುತ್ತಿದ್ದುದು ಅವರ ಹೆಚ್ಚುಗಾರಿಕೆ. ಅವರ ಟೇಪುಗಳಲ್ಲಿ ವಾದ್ಯಗಳು ತಂತಮ್ಮ ಜಾಗದಲ್ಲಿ ಬಿಡಿಬಿಡಿಯಾಗಿ ನಿಂತಂತೆ ಕೇಳುವುದಕ್ಕೆ ಇದೇ ಕಾರಣ. ಮುಂದೆ ಅವರ ಕಷ್ಟದ ದಿನಗಳಲ್ಲಿ ರೀಲುಗಳು ಗೋದಾಮಿನಲ್ಲಿ ಉಳಿದು, ಬಾಡಿಗೆ ಸಲ್ಲದೆ 1986ರಲ್ಲಿ ಹರಾಜಾದವು. ಕೊಂಡವರ ಮೂಲಕ ಪ್ರತಿಗಳು ಹೊರಬಂದು ಹಬ್ಬಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಬಾರ್ಟನ್ ಹಾಲ್‌ನ ಈ ಮುದ್ರಣವನ್ನು ಸೇರಿಸಿತು. ತಂಡದ ಕಡೆಯಿಂದ ಅಧಿಕೃತವಾಗಿ ಪ್ರಕಟವಾದದ್ದು ಮಾತ್ರ 2017ರಲ್ಲಿ, ಕಾರ್ಯಕ್ರಮ ನಡೆದ ನಲವತ್ತು ವರ್ಷಗಳ ಮೇಲೆ. ಇದೇ ತಂಡದ ಅತ್ಯುತ್ತಮ ಕಾರ್ಯಕ್ರಮವೇ ಎಂದು ನೀವು ಕೇಳಿದರೆ, ಅಷ್ಟು ಧೈರ್ಯವಾಗಿ ಹೇಳಲಾರೆ. ಅದೇ ವಾರದ ಬೇರೆ ರಾತ್ರಿಗಳು ಇದಕ್ಕೆ ಕಡಿಮೆಯಿಲ್ಲ. ಆದರೆ ಒಳ್ಳೆಯ ವಾದನ, ಒಳ್ಳೆಯ ಮುದ್ರಣ, ಸುಲಭವಾಗಿ ಸಿಕ್ಕ ಪ್ರತಿ ಇವು ಮೂರೂ ಕೂಡಿಬಂದದ್ದು ಇಲ್ಲಿ.

ಈಗ ಟೇಪಿನ ಗುಣದ ವಿಚಾರ. ಯಾವ ಲೈವ್ ಧ್ವನಿಮುದ್ರಣವನ್ನು ಕೈಗೆತ್ತಿಕೊಂಡರೂ ಮೈಕು ಎಲ್ಲಿತ್ತು ಎಂದು ಮೊದಲು ಕೇಳಿಕೊಳ್ಳಬೇಕು. ಸಂಗ್ರಾಹಕರು ಪೆಟ್ಟಿಗೆಯ ಮೇಲೆ ಎಸ್‌ಬಿಡಿ ಎಂದು ಗುರುತು ಹಾಕಿದ್ದರೆ ಅದು ಸೌಂಡ್‌ಬೋರ್ಡ್, ಅಂದರೆ ಮಿಕ್ಸರ್‌ನಿಂದ ನೇರವಾಗಿ ತಂತಿಯಲ್ಲಿ ಬಂದದ್ದು; ಎಯುಡಿ ಎಂದಿದ್ದರೆ ಶ್ರೋತೃಗಳ ನಡುವೆ ನಿಂತ ಮೈಕು ಹಿಡಿದದ್ದು; ಎಫ್‌ಎಂ ಎಂದಿದ್ದರೆ ರೇಡಿಯೋ ಪ್ರಸಾರದಿಂದ ಇಳಿಸಿಕೊಂಡದ್ದು. ಹೊಸಬರೆಲ್ಲ ಸೌಂಡ್‌ಬೋರ್ಡೇ ಶ್ರೇಷ್ಠವೆಂದು ತಿಳಿಯುತ್ತಾರೆ. ಅದು ಯಾವಾಗಲೂ ನಿಜವಲ್ಲ. ಸಣ್ಣ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರ್‌ಗಳೇ ಕಿವಿಗಡಚಿಕ್ಕುವಷ್ಟು ಜೋರಾಗಿರುವುದರಿಂದ ಎಂಜಿನಿಯರ್ ಮಿಕ್ಸರ್‌ನಲ್ಲಿ ಗಿಟಾರನ್ನು ಸಾಕಷ್ಟು ತಗ್ಗಿಸಿ, ಹಾಡುಗಾರರ ಧ್ವನಿಯನ್ನು ಏರಿಸಿರುತ್ತಾರೆ. ಸಭಾಂಗಣದಲ್ಲಿ ಕೂತವರಿಗೆ ಎರಡೂ ಸೇರಿ ಹದವಾಗಿ ಕೇಳುತ್ತದೆ. ಮಿಕ್ಸರ್‌ನ ಟೇಪಿನಲ್ಲಿ ಮಾತ್ರ ಬರೀ ಗಂಟಲೇ ಮುಂದಾಗಿ, ಗಿಟಾರು ಪಕ್ಕದ ಮನೆಯಲ್ಲಿ ನುಡಿದಂತಿರುತ್ತದೆ. ಅಂಥ ರಾತ್ರಿಗಳಿಗೆ ಒಳ್ಳೆಯ ಜಾಗದಲ್ಲಿ ನಿಂತು ತೆಗೆದ ಶ್ರೋತೃ ಟೇಪೇ ಮೇಲು, ಅದರಲ್ಲಿ ಕಟ್ಟಡದ ಮೊಳಗೂ ಜನರ ಉಸಿರೂ ಇರುತ್ತವೆ.

ಎರಡನ್ನೂ ಕೂಡಿಸಿದ್ದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಕೇಳಲು ಸುಲಭವೆನಿಸಿದರೂ ಕೆಲಸ ನಾಜೂಕಿನದು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ. ಮೈಕು ವೇದಿಕೆಯಿಂದ 30 ಮೀಟರ್ ದೂರವಿದ್ದರೆ ಅದು ಹಿಡಿಯುವ ಡ್ರಮ್ ಪೆಟ್ಟು ಮಿಕ್ಸರ್‌ನ ಟೇಪಿಗಿಂತ ಸುಮಾರು 87 ಮಿಲಿಸೆಕೆಂಡು ತಡವಾಗಿರುತ್ತದೆ. ಹಾಗೆಯೇ ಬೆರೆಸಿದರೆ ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಒಂದನ್ನು ಅಷ್ಟು ಸರಿಸಿ ಹೊಂದಿಸಿದರೂ ಸಾಲದು, ಏಕೆಂದರೆ ಎರಡು ಕ್ಯಾಸೆಟ್ ಯಂತ್ರಗಳ ವೇಗ ಒಂದೇ ಆಗಿರುವುದು ಅಪರೂಪ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಜಾರಿರುತ್ತದೆ. ಆದ್ದರಿಂದ ಅಚ್ಚುಕಟ್ಟಾದ ಮ್ಯಾಟ್ರಿಕ್ಸ್ ಸಿಕ್ಕಿದರೆ ಅದರ ಹಿಂದೆ ಯಾರದೋ ಹಲವು ರಾತ್ರಿಗಳ ದುಡಿಮೆ ಇದೆ ಎಂದು ತಿಳಿಯಿರಿ.

ಲೈವ್ ಎಂದು ಮಾರಿದ್ದೆಲ್ಲ ಲೈವ್ ಅಲ್ಲ ಎಂಬ ನಿಮ್ಮ ಅನುಮಾನಕ್ಕೆ ಆಧಾರವಿದೆ. ಜೂಡಸ್ ಪ್ರೀಸ್ಟ್ ತಂಡ 1979ರಲ್ಲಿ ಟೋಕಿಯೊದಲ್ಲಿ ಮುದ್ರಿಸಿದ 'ಅನ್‌ಲೀಶ್ಡ್ ಇನ್ ದಿ ಈಸ್ಟ್' ಆಲ್ಬಮ್‌ಗೆ ಹಾಡುಗಾರ ರಾಬ್ ಹ್ಯಾಲ್ಫರ್ಡ್ ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ. ಗ್ರೇಟ್‌ಫುಲ್ ಡೆಡ್ ತಂಡದ 'ಯುರೋಪ್ 72' ಆಲ್ಬಮ್‌ನ ಕಂಠಗಳೂ ಬಹಳಷ್ಟು ಸ್ಟುಡಿಯೋದಲ್ಲಿ ತಿದ್ದಿದವು. ಥಿನ್ ಲಿಜ್ಜಿ ತಂಡದ 1978ರ 'ಲೈವ್ ಅಂಡ್ ಡೇಂಜರಸ್' ಆಲ್ಬಮ್‌ನಲ್ಲಿ ಎಷ್ಟು ಭಾಗ ಮರುಮುದ್ರಣ ಎಂಬ ಬಗ್ಗೆ ನಿರ್ಮಾಪಕ ಟೋನಿ ವಿಸ್ಕೋಂಟಿ ಒಂದು ಹೇಳುತ್ತಾರೆ, ತಂಡದ ಕಡೆಯವರು ಅದಕ್ಕೆ ತದ್ವಿರುದ್ಧವಾಗಿ ಹೇಳುತ್ತಾರೆ. ಇನ್ನೊಂದು ತುದಿಯಲ್ಲಿ ದ ಹೂ ತಂಡದ 'ಲೈವ್ ಅಟ್ ಲೀಡ್ಸ್' ಇದೆ. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಮುದ್ರಿಸಿದ ಟೇಪಿನಲ್ಲಿ ಚಟಪಟ ಸದ್ದು ಬಂದಿತ್ತು. ರೆಕಾರ್ಡಿನ ಲೇಬಲ್ ಮೇಲೆಯೇ ಆ ಸದ್ದು ಇರಲಿ, ಸರಿಪಡಿಸಬೇಡಿ ಎಂದು ಕೈಬರಹದಲ್ಲಿ ಸೂಚನೆ ಅಚ್ಚು ಹಾಕಿಸಿದರು. ಹೊದಿಕೆಯನ್ನೂ ಕಳ್ಳ ರೆಕಾರ್ಡುಗಳನ್ನು ಹೋಲುವ ಕಂದು ಬಣ್ಣದ, ರಬ್ಬರ್ ಮುದ್ರೆ ಒತ್ತಿದಂಥ ರಟ್ಟಿನಲ್ಲಿ ಮಾಡಿಸಿದರು.

ತಿದ್ದಿದ್ದನ್ನು ಪತ್ತೆ ಹಚ್ಚಲು ಒಂದು ದಾರಿ ಹೇಳುತ್ತೇನೆ. ವೇದಿಕೆಯ ಮೇಲೆ ಹಾಡುಗಾರನ ಮೈಕಿಗೆ ಹಿಂದಿನ ಡ್ರಮ್ಸ್‌ನ ಸದ್ದು ನುಗ್ಗದೆ ಇರುವುದು ಅಸಾಧ್ಯ, ವಿಶೇಷವಾಗಿ ತಾಳದಂಥ ಸಿಂಬಲ್‌ಗಳ ಝಣತ್ಕಾರ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡುಗಾರ ಮೈಕಿನ ಹತ್ತಿರ ಬಂದಾಗ ಮತ್ತು ದೂರ ಸರಿದಾಗ ಸಿಂಬಲ್‌ನ ನಾದದ ಬಣ್ಣ ಬದಲಾಗುತ್ತದೆಯೇ ಎಂದು ಗಮನಿಸಿ. ಬದಲಾದರೆ ಆ ಧ್ವನಿ ಅಲ್ಲಿಯದೇ. ಕಂಠ ಎಷ್ಟೇ ಏರಿಳಿದರೂ ಹಿನ್ನೆಲೆ ಅಲುಗಾಡದೆ ನಿಂತಿದ್ದರೆ, ಜೊತೆಗೆ ಪೋಷಕ ಕಂಠಗಳು ಒಂದಿಷ್ಟೂ ಶ್ರುತಿ ತಪ್ಪದೆ ಕೂಡಿದ್ದರೆ, ಸಂಶಯಪಡಲು ಕಾರಣವಿದೆ. ಆದರೂ ತಿದ್ದಿದ ಆಲ್ಬಮ್‌ಗಳನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಒಂದು ತಂತಿ ಕಿತ್ತುಹೋದದ್ದರಿಂದ ಕಳೆದ ಬಾಸನ್ನು ಮತ್ತೆ ನುಡಿಸಿ ಸೇರಿಸುವುದು ಒಂದು. ರಾತ್ರಿಯ ಕಂಠವನ್ನೇ ಅಳಿಸಿ ಹಗಲಿನ ಕಂಠ ಇಡುವುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಸಂತೋಷದಿಂದ ಕೇಳಿದರೂ ಲೈವ್ ಧ್ವನಿಮುದ್ರಣಗಳ ಕಪಾಟಿನಲ್ಲಿ ಇಡುವುದಿಲ್ಲ.

ಅನಧಿಕೃತ ಟೇಪುಗಳ ಲೇಬಲ್‌ಗಳನ್ನಂತೂ ಪೂರ್ತಿ ನಂಬಬೇಡಿ. ಬಾಬ್ ಡಿಲನ್ ಅವರ 1966ರ ಕಾರ್ಯಕ್ರಮವೊಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದೆಂಬ ಹೆಸರಿನಲ್ಲಿ ದಶಕಗಳ ಕಾಲ ಕಳ್ಳ ರೆಕಾರ್ಡಾಗಿ ಓಡಾಡಿತು. ಅದು ವಾಸ್ತವದಲ್ಲಿ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ನಡೆದದ್ದು. ಜಾನಪದ ಶೈಲಿ ಬಿಟ್ಟು ವಿದ್ಯುತ್ ಗಿಟಾರ್ ಹಿಡಿದ ಡಿಲನ್‌ರನ್ನು ಶ್ರೋತೃವೊಬ್ಬ ಜೂಡಾಸ್ (ಏಸುವಿಗೆ ದ್ರೋಹ ಬಗೆದ ಶಿಷ್ಯ) ಎಂದು ಕೂಗಿ ಹೀಯಾಳಿಸುವುದು ಆ ಟೇಪಿನಲ್ಲಿದೆ. ಅದಕ್ಕೆ ಉತ್ತರವಾಗಿ ತಂಡ ಇನ್ನಷ್ಟು ಜೋರಾಗಿ ಮುಂದಿನ ಹಾಡಿಗೆ ಧುಮುಕುವುದೂ ಇದೆ. 1998ರಲ್ಲಿ ಅಧಿಕೃತವಾಗಿ ಪ್ರಕಟಿಸಿದಾಗಲೂ, ತಪ್ಪೆಂದು ಗೊತ್ತಿದ್ದೂ, ಜನರ ಬಾಯಲ್ಲಿ ಉಳಿದ ಹಳೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡರು.

ಕಾನೂನಿನ ಪ್ರಶ್ನೆಗೆ ಚುಟುಕಾಗಿ ಉತ್ತರಿಸುತ್ತೇನೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ನೀಡುತ್ತದೆ. ಸ್ವಂತ ಖಾಸಗಿ ಬಳಕೆಗಾಗಿ ಮಾಡಿಕೊಂಡ ಧ್ವನಿಮುದ್ರಣವನ್ನು ಆ ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆದರೆ ಟಿಕೆಟ್‌ನ ಹಿಂದೆ ಅಚ್ಚಾದ ಷರತ್ತು ಮುದ್ರಣವನ್ನು ನಿಷೇಧಿಸಿದ್ದರೆ ಆಯೋಜಕರು ನಿಮ್ಮನ್ನು ಹೊರಗೆ ಕಳಿಸಬಹುದು. ಪ್ರತಿ ಮಾಡಿ ಮಾರುವುದು ಬೇರೆಯೇ ಮಾತು, ಅದಕ್ಕೆ ಕಾನೂನಿನಲ್ಲೂ ಸಂಗ್ರಾಹಕರ ಶಿಷ್ಟಾಚಾರದಲ್ಲೂ ಜಾಗವಿಲ್ಲ. ಅನುಮತಿ ಕೊಟ್ಟ ತಂಡಗಳ ಧ್ವನಿಮುದ್ರಣಗಳೇ ಇಂಟರ್‌ನೆಟ್ ಆರ್ಕೈವ್‌ನ ಲೈವ್ ಸಂಗೀತ ವಿಭಾಗದಲ್ಲಿ ಎರಡು ಲಕ್ಷಕ್ಕೂ ಮೇಲಿವೆ. 2002ರಿಂದ ಸ್ವಯಂಸೇವಕರು ಕಟ್ಟುತ್ತ ಬಂದ ಈ ಭಂಡಾರವನ್ನು ಉಚಿತವಾಗಿ ಕೇಳಬಹುದು. ಒಂದು ಜನ್ಮಕ್ಕೆ ಅದೇ ಸಾಕು.

ಎಲ್ಲಿಂದ ಆರಂಭಿಸಬೇಕೆಂದರೆ, ಶ್ರೇಷ್ಠ ನೂರು ಆಲ್ಬಮ್‌ಗಳೆಂಬ ಪಟ್ಟಿಗಳಿಂದ ಬೇಡ. ನಿಮಗೆ ಈಗಾಗಲೇ ಸ್ಟುಡಿಯೋ ರೂಪದಲ್ಲಿ ಕಂಠಪಾಠವಾಗಿರುವ ಒಂದೇ ಒಂದು ಹಾಡನ್ನು ಆರಿಸಿಕೊಂಡು, ಅದರ ಮೂರು ಲೈವ್ ಆವೃತ್ತಿಗಳನ್ನು ಕೇಳಿ: ಹಾಡು ಹೊಸದಾಗಿದ್ದಾಗಿನದು ಒಂದು, ಐದಾರು ವರ್ಷಗಳ ನಂತರದ್ದು ಒಂದು, ವಾದಕರಿಗೆ ವಯಸ್ಸಾದ ಮೇಲಿನದು ಒಂದು. ಬೆಂಗಳೂರಿನವರಿಗೆ ಇನ್ನೊಂದು ದಾರಿಯೂ ಇದೆ. ಮೆಟಾಲಿಕಾ ತಂಡ 2004ರಿಂದ ತನ್ನ ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು ತಾನೇ ಮಾರುತ್ತ ಬಂದಿದೆ; 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನಡೆದದ್ದೂ ಅವುಗಳಲ್ಲಿ ಸೇರಿದೆ. ದೆಹಲಿ ಬಳಿಯ ಕಾರ್ಯಕ್ರಮ ಎರಡು ದಿನ ಮೊದಲು ರದ್ದಾಗಿದ್ದರಿಂದ ಅವರು ಭಾರತದಲ್ಲಿ ಮೊತ್ತಮೊದಲು ನುಡಿಸಿದ್ದು ಅಂದು ಬೆಂಗಳೂರಿನಲ್ಲೇ. ಅಲ್ಲಿದ್ದವರು ಅದನ್ನು ಕೇಳಿದರೆ, ತಾವು ಮೈದಾನದ ಅಂಚಿನಲ್ಲಿ ನಿಂತು ಕೇಳಿದ್ದಕ್ಕೂ ಮಿಕ್ಸರ್ ಕೇಳಿದ್ದಕ್ಕೂ ಎಷ್ಟು ಅಂತರವಿದೆ ಎಂಬುದು ನನ್ನ ವಿವರಣೆಯಿಲ್ಲದೆಯೇ ಗೊತ್ತಾಗುತ್ತದೆ. ಐರನ್ ಮೇಡನ್ ತಂಡದ 'ಫ್ಲೈಟ್ 666' ಲೈವ್ ಆಲ್ಬಮ್ಮೂ ಮುಂಬಯಿಯಲ್ಲಿ 2008ರ ಫೆಬ್ರವರಿ 1ರಂದು ಮುದ್ರಿಸಿದ ಹಾಡಿನಿಂದಲೇ ಆರಂಭವಾಗುತ್ತದೆ, ನಮ್ಮ ಜನರ ಕೇಕೆ ಅದರಲ್ಲಿ ಚೆನ್ನಾಗಿಯೇ ಕೇಳುತ್ತದೆ.

ಪೆಟ್ಟಿಗೆಯನ್ನು ಖಂಡಿತ ತೆಗೆದುಕೊಳ್ಳಿ, ಆದರೆ ಆತುರದಿಂದ ಕ್ಯಾಸೆಟ್ಟುಗಳನ್ನು ಹಾಕಬೇಡಿ. ಮೊದಲು ಪ್ರತಿಯೊಂದರ ಹಿಂಬದಿಯ ಅಂಚಿನ ಎರಡು ಮೂಲೆಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಕೈತಪ್ಪಿ ಅಳಿಸಿಹೋಗುವ ಭಯವಿರುವುದಿಲ್ಲ. ಬಹುಕಾಲ ಸುತ್ತಿಕೊಂಡೇ ಇದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿದರೆ ಬಿಗಿ ಸಡಿಲುತ್ತದೆ. 120 ನಿಮಿಷದವುಗಳ ಟೇಪು ಬಹಳ ತೆಳುವಾದ್ದರಿಂದ ಅವನ್ನು ಯಂತ್ರದಲ್ಲಿ ವೇಗವಾಗಿ ಓಡಿಸದೆ ನಿಧಾನವಾಗಿ ಕೈಯಲ್ಲೇ ಪೆನ್ಸಿಲಿನಿಂದ ಸುತ್ತುವುದು ಕ್ಷೇಮ. ಯಂತ್ರದ ಹೆಡ್ಡನ್ನು, ಅಂದರೆ ಟೇಪನ್ನು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಪುಟ್ಟ ತಿರುಪು ಅದರ ಓರೆಯನ್ನು ನಿರ್ಧರಿಸುತ್ತದೆ. ಮುದ್ರಿಸಿದ ಯಂತ್ರದ ಓರೆಗೂ ನಿಮ್ಮ ಯಂತ್ರದ ಓರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಿಂಬಲ್‌ಗಳ ಹೊಳಪು ಮಂಕಾಗುತ್ತದೆ. ಟೇಪು ಓಡುತ್ತಿರುವಾಗಲೇ, ಶಬ್ದವನ್ನು ಮೋನೋಗೆ ಇಟ್ಟುಕೊಂಡು, ಅತ್ಯಂತ ನಿಚ್ಚಳವಾಗಿ ಕೇಳುವ ಜಾಗಕ್ಕೆ ಆ ತಿರುಪನ್ನು ಹೊಂದಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು.

ಕ್ಯಾಸೆಟ್ ಟೇಪಿನ ನಿಗದಿತ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಬ್ಯಾಟರಿ ಇಳಿದಿದ್ದ ಯಂತ್ರದಲ್ಲಿ ಮುದ್ರಿಸಿದ್ದರೆ ಈಗ ಅದು ವೇಗವಾಗಿ ಕೇಳುತ್ತದೆ; ಸುಮಾರು ಶೇ. 6ರಷ್ಟು ಹೆಚ್ಚಾದರೆ ಹಾಡು ಪೂರ್ತಿ ಅರ್ಧ ಸ್ವರ ಮೇಲೇರುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ತಿದ್ದಬಹುದು, ಆದ್ದರಿಂದ ಮೊದಲ ಪ್ರತಿಯನ್ನು ಏನನ್ನೂ ತಿದ್ದದೆ, 24 ಬಿಟ್‌ನಲ್ಲಿ, ಧ್ವನಿಯ ಯಾವ ಅಂಶವನ್ನೂ ಕಳೆಯದ ಫ್ಲ್ಯಾಕ್ ಎಂಬ ಕಡತದ ರೂಪದಲ್ಲಿ ಇಳಿಸಿಕೊಳ್ಳಿ. ಎಂಪಿ3 ರೂಪ ಬೇಡ, ಅದು ಕಳೆದದ್ದು ಮರಳಿ ಬರುವುದಿಲ್ಲ. ಭರ್ರೆನ್ನುವ ಹಿನ್ನೆಲೆ ಸದ್ದನ್ನು ತೆಗೆಯುವ ತಂತ್ರಾಂಶಗಳಿಂದ ದೂರವಿರಿ. ಅವು ಸದ್ದಿನ ಜೊತೆಗೆ ಸಭಾಂಗಣದ ಮೊಳಗನ್ನೂ ನುಂಗುತ್ತವೆ. ಕ್ಯಾಸೆಟ್ಟಿನ ಮೇಲಿನ ಕೈಬರಹದಲ್ಲಿ ಊರು, ತಾರೀಕು, ಯಾರಿಂದ ಬಂತು, ಎಷ್ಟನೇ ಪ್ರತಿ ಎಂಬ ವಿವರಗಳಿರುತ್ತವೆ. ತಪ್ಪೆಂದು ಕಂಡರೂ ಇದ್ದಂತೆಯೇ ಬರೆದುಕೊಂಡು, ಅದರ ಫೋಟೋವನ್ನೂ ಕಡತದ ಜೊತೆಗೇ ಇಡಿ. ಯಾವ ಟೇಪು ಯಾರ ಮೂಲಕ ಬಂತೆಂಬುದು ಚಿಕ್ಕಪ್ಪನವರಿಗೆ ನೆನಪಿರುತ್ತದೆ, ಅವರು ಪಕ್ಕದಲ್ಲಿ ಕೂತಿರುವಾಗಲೇ ಈ ಕೆಲಸ ಮಾಡಿ ಮುಗಿಸಿ.